ನಾಯಿ ರೆಡಿ, ಸ್ಫೂರ್ತಿ ಇನ್ನೂ ಬಂದಿಲ್ಲ

ನಮ್ಮ ಮನೆಯ ಲ್ಯಾಬ್ರಡಾರ್‌ಗೆ ಈಗ ಎಂಟು ತಿಂಗಳು. ಹೆಸರು ಲಿಯೋ. ತೂಕದಲ್ಲಿ ಅಕ್ಕಿ ಮೂಟೆ, ಶಿಸ್ತಿನಲ್ಲಿ ಮದುವೆ ಮನೆಯ ಎರಡನೇ ಪಂಕ್ತಿ. ಮನೆಗೆ ಬಂದವರ ಎದೆಯ ಮೇಲೆ ಎರಡೂ ಕಾಲಿಟ್ಟು ಸ್ವಾಗತ ಕೋರುತ್ತಾನೆ. ಇಲ್ಲಿಯವರೆಗೆ ಏಳು ಚಪ್ಪಲಿ ತಿಂದಿದ್ದಾನೆ, ಏಳೂ ಎಡಗಾಲಿನವು. ಇದರ ಹಿಂದೆ ಏನಾದರೂ ಸಿದ್ಧಾಂತ ಇದೆಯೋ ಏನೋ, ನಾನು ಕೆದಕಲು ಹೋಗಿಲ್ಲ.

ಅವನಿಗೆ ನಾಲ್ಕಕ್ಷರ ಕಲಿಸಬೇಕೆಂಬ ಆಸೆ ನನಗಿಲ್ಲವೆಂದಲ್ಲ. ಆಸೆ ಇದೆ, ಬೆಲ್ಟಿದೆ, ಟಿಕ್ ಟಿಕ್ ಅನ್ನುವ ಕ್ಲಿಕ್ಕರ್ ಇದೆ, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಸ್ಕತ್ತಿನ ಚೀಲವೂ ಇದೆ. ಇಲ್ಲದ್ದು ಮೋಟಿವೇಶನ್ ಒಂದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇಸಿಗೆ ಬಂದರೆ ನೀರಿಗೆ ಬರ. ಇದಕ್ಕೆ ಮಾತ್ರ ಹನ್ನೆರಡು ತಿಂಗಳೂ ಬರ, ಟ್ಯಾಂಕರ್ ತರಿಸೋಣವೆಂದರೆ ಅದೂ ಸಿಗುವುದಿಲ್ಲ.

ಕಲಿಸುವ ವಿದ್ಯೆಯಾದರೂ ಎಷ್ಟು? ಒಂದು ಸಲ ಬಂದು ನೋಡಿಹೋದ ತರಬೇತುದಾರರು ಮೂರೇ ಮಾತು ಹೇಳಿದರು. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಮನೆಯವರೆಲ್ಲ ಒಂದೇ ಪದ ಬಳಸಿ. ಕೂತ ಕ್ಷಣವೇ ಬಾಯಿಗೆ ತಿಂಡಿ, ತಡಮಾಡಿದರೆ ಯಾತಕ್ಕೆ ಕೊಟ್ಟರೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇಷ್ಟಕ್ಕೆ ಅವರು ತೆಗೆದುಕೊಂಡ ಶುಲ್ಕ ಕೇಳಿ ಅಮ್ಮ, 'ನಿಮ್ಮಪ್ಪ ಇಷ್ಟು ದುಡ್ಡಲ್ಲಿ ನಿನ್ನ ಎಸ್ಸೆಸ್ಸೆಲ್ಸಿ ಮುಗಿಸಿದ್ರು' ಅಂದರು.

ಹತ್ತು ನಿಮಿಷದ ಕೆಲಸ. ಅದಕ್ಕೆ ಹುರುಪು ಬರಲಿ ಎಂದು ನಾನು ದಿನವೂ ನಲವತ್ತು ನಿಮಿಷ ಸ್ಫೂರ್ತಿಯ ವಿಡಿಯೊ ನೋಡತೊಡಗಿದೆ. ಬಿಗಿ ಕೋಟು ತೊಟ್ಟವರೊಬ್ಬರು ವೇದಿಕೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, 'ಏಳಿ! ನಿಮ್ಮೊಳಗಿನ ಸಿಂಹವನ್ನು ಎಬ್ಬಿಸಿ!' ಎಂದು ಕೂಗುತ್ತಿದ್ದರು. ನಾನು ಸೋಫಾದಲ್ಲಿ ಇನ್ನಷ್ಟು ಒರಗಿಕೊಂಡು ಹೌದು ಹೌದು ಅನ್ನುತ್ತಿದ್ದೆ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಪಾವ್ಲೋವ್, ಊಟಕ್ಕೆ ಮುಂಚಿನ ಸದ್ದು ಕೇಳಿದರೇ ಸಾಕು ನಾಯಿ ಜೊಲ್ಲು ಸುರಿಸುತ್ತದೆಂದು ತೋರಿಸಿಕೊಟ್ಟವನು. ನಮ್ಮ ಮನೆಯಲ್ಲೂ ಆ ಪ್ರಯೋಗ ತಾನಾಗಿಯೇ ಯಶಸ್ವಿಯಾಯಿತು. ವಿಡಿಯೊದ ಆರಂಭದ ಸಂಗೀತ ಕೇಳಿದ ಕೂಡಲೇ, ಇನ್ನು ಮುಕ್ಕಾಲು ಗಂಟೆ ಯಜಮಾನ ಅಲ್ಲಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಲಿಯೋ ಸೀದಾ ಚಪ್ಪಲಿ ಸ್ಟ್ಯಾಂಡಿಗೆ ಹೋಗುತ್ತಾನೆ.

ಆ ವಿಡಿಯೊಗಳೆಲ್ಲದರ ಮೂಲಮಂತ್ರ ಒಂದೇ: 21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ. ಈ 21 ಎಲ್ಲಿಂದ ಬಂತು ಗೊತ್ತೆ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು: ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕು. ಮೂಗು ತಿದ್ದಿಸಿಕೊಂಡವರ ಲೆಕ್ಕ ಊರೂರು ಅಲೆಯುತ್ತ ನಮ್ಮ ನಾಯಿಯ ಪಾಲಿಗೆ ಬಂತು. ಅದರ ಮೂಗೋ, ಪಕ್ಕದ ಮನೆಯವರ ಕಸದ ಬುಟ್ಟಿಯಲ್ಲಿ. 'ಕನಿಷ್ಠ' ಅನ್ನುವ ಪದ ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು. ಲಂಡನ್ನಿನ ಸಂಶೋಧಕರು ಆಮೇಲೆ ನಿಜವಾಗಿ ಎಣಿಸಿದಾಗ ಅಭ್ಯಾಸವಾಗಲು ಸರಾಸರಿ 66 ದಿನ ಅಂತಾಯಿತು. ನಾನು ಮೂರನೇ ದಿನ ದಾಟಿದವನಲ್ಲ, ನನಗೆ ಎರಡು ಲೆಕ್ಕವೂ ಒಂದೇ.

ನಾಲ್ಕನೇ ದಿನ ಪಾಠ ನಿಂತದ್ದು ನನ್ನಿಂದಲ್ಲ, ಮಾಧ್ಯಮದ ಪ್ರಶ್ನೆಯಿಂದ. ಒಂದೇ ಪದ ಅಂದಿದ್ದರಲ್ಲ, ಯಾವ ಭಾಷೆಯದು? ಹೆಂಡತಿ 'ಸಿಟ್' ಎಂದಳು. ಅಮ್ಮ 'ಕೂತ್ಕೊಳೋ' ಎಂದರು. ಹಿಂದಿ ಪ್ರಾಜೆಕ್ಟು ಮಾಡುತ್ತಿದ್ದ ಮಗ 'ಬೈಠೋ' ಎಂದ. ಲಿಯೋ ತ್ರಿಭಾಷಾ ಸೂತ್ರವನ್ನು ಸಮಾನ ಗೌರವದಿಂದ ಆಲಿಸಿ ಮೂರಕ್ಕೂ ನಿಂತೇ ಇದ್ದ.

'ಇಂಗ್ಲಿಷ್ ಬೇಡ, ನಮ್ಮ ಮುಧೋಳದ ನಾಯಿ ಯಾವ ಕಾನ್ವೆಂಟಿಗೆ ಹೋಗಿತ್ತು?' ಎಂದು ಅಮ್ಮ ಕೇಳಿದರು. ನ್ಯಾಯವೇ. 2005ರಲ್ಲಿ ಅಂಚೆಚೀಟಿಯ ಮೇಲೆ ಕೂತು, 2016ರಲ್ಲಿ ಸೇನೆಯ ತರಬೇತಿಗೆ ಮೀರತ್ತಿಗೆ ಹೋದ ತಳಿ ಅದು. ಆದರೆ ಹೆಂಡತಿ ಕಾನೂನು ಓದಿದವಳು. ಪ್ರಾಥಮಿಕ ಶಿಕ್ಷಣದಲ್ಲಿ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪೋಷಕರದ್ದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಕರ್ನಾಟಕದ ಪ್ರಕರಣದಲ್ಲಿ ಹೇಳಿದೆಯಂತೆ. 'ನಾವು ಪೆಟ್ ಪೇರೆಂಟ್ಸ್ ತಾನೆ?' ಎಂದಳು. ಈಗ ನಾಯಿ ಸಾಕಿದವರನ್ನು ಮಾಲೀಕರು ಅನ್ನಬಾರದು, ಪೋಷಕರು ಅನ್ನಬೇಕು. ಹೆತ್ತ ಮಕ್ಕಳ ಹೋಮ್‌ವರ್ಕನ್ನೇ ಟ್ಯೂಷನ್ನಿಗೆ ಬಿಟ್ಟಿರುವ ನಮಗೆ ಆ ಬಿರುದು ಸರಿಯಾಗಿ ಒಪ್ಪುತ್ತದೆ. ವಾಕಿಂಗಿಗೆ ಒಬ್ಬ ಹುಡುಗ, ಸ್ನಾನಕ್ಕೆ ವ್ಯಾನು, ಹುಟ್ಟುಹಬ್ಬಕ್ಕೆ ಕೇಕು. ನಮ್ಮ ಪಾಲಿಗೆ ಉಳಿದದ್ದು ಫೋಟೊ ತೆಗೆಯುವುದು. 'ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ' ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಸರಪಳಿಯ ಯಾವ ತುದಿಯನ್ನು ನೋಡುತ್ತಿದ್ದರೋ.

ಮೊನ್ನೆ ಬೆಳಗ್ಗೆ ಆರಕ್ಕೇ ಎಚ್ಚರವಾಯಿತು. ಅಡುಗೆಮನೆ ಬಾಗಿಲಲ್ಲಿ ಲಿಯೋ ದೇವಸ್ಥಾನದ ಬಸವನ ಹಾಗೆ ಕೂತಿದ್ದ. ಅಮ್ಮ ಕಾಫಿ ಸೋಸುತ್ತ, ತಿರುಗಿಯೂ ನೋಡದೆ ರಾತ್ರಿಯ ಚಪಾತಿ ಚೂರೊಂದನ್ನು ಅವನ ಬಾಯಿಗೆ ಹಾಕಿದರು.

'ಯಾವಾಗಮ್ಮ ಕಲಿಸಿದ್ದು?'

'ಕಲಿಸೋದೇನು? ಕೂತ್ರೆ ಕೊಡ್ತೀನಿ, ನಿಂತ್ರೆ ಕೊಡಲ್ಲ. ಎರಡು ತಿಂಗಳಾಯ್ತು. ಅಲ್ವೇನೋ ಲಿಯಣ್ಣ?'

ನನಗೆ ಮೈ ಜುಮ್ಮೆಂದಿತು. ಫೋನು ತಂದು ಹದಿನೈದು ಸೆಕೆಂಡಿನ ವಿಡಿಯೊ ತೆಗೆದೆ. ಅಮ್ಮನ ಕೈ ಬಂದಿತ್ತು, ಕತ್ತರಿಸಿದೆ. 'ದೃಢಸಂಕಲ್ಪ ಇದ್ದರೆ ಅಸಾಧ್ಯ ಯಾವುದು?' ಎಂದು ಬರೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಂಬತ್ತು ಹೆಬ್ಬೆರಳು ಬಂದವು.

ಮುಂದಿನ ಭಾನುವಾರ ಕ್ಲಬ್‌ಹೌಸಿನಲ್ಲಿ ನನ್ನ ಉಪನ್ಯಾಸ. ವಿಷಯ, ಶಿಸ್ತು ಮತ್ತು ಸ್ಫೂರ್ತಿ. ಬರುವಾಗ ದಯವಿಟ್ಟು ನಾಯಿಯನ್ನು ಕರೆತರಬಾರದೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ.