ಸೇನೆಯ ಲೆಕ್ಕ ಕೇಳಿದರೆ ತಪ್ಪೇನು?

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಮರ್ಯಾದೆ ಇತ್ತು. ಒಂದೇ ಒಂದು ಮೆಸೇಜಿಗೆ ಅದು ಹೋಯಿತು. "ನಮ್ಮ ರಕ್ಷಣಾ ಬಜೆಟ್ಟಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಪಿಂಚಣಿಗೇ ಹೋಗುತ್ತದಲ್ಲ, ಇದರ ಬಗ್ಗೆ ಯಾರೂ ಮಾತಾಡೋದೇ ಇಲ್ವಾ?" ಎಂದು ಕೇಳಿದ್ದೆ, ಅಷ್ಟೆ. ಚಿಕ್ಕಪ್ಪ ತಕ್ಷಣ ಬರೆದರು: "ಅಲ್ಲಿ ಹೀಟರ್ ಹಾಕ್ಕೊಂಡು ಕೂತು ಸಿಯಾಚಿನ್‌ನಲ್ಲಿ ಇರೋರ ಬಗ್ಗೆ ಮಾತಾಡ್ಬೇಡ ಕಣೋ." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಭಾವನದೂ ಒಂದು.

ನಾನಿರುವುದು ವರ್ಜೀನಿಯಾದಲ್ಲಿ, ವಾಷಿಂಗ್ಟನ್ನಿನ ಪಕ್ಕ. ಇಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಒಬ್ಬರು ಸರ್ಕಾರಿ ನೌಕರರು, ಒಬ್ಬರು ಸೈನ್ಯದಿಂದ ನಿವೃತ್ತರಾದವರು, ಇನ್ನೊಬ್ಬರು ಸೈನ್ಯಕ್ಕೆ ಏನಾದರೂ ಮಾರುವ ಕಂಪನಿಯವರು. 2025ರಲ್ಲಿ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ ನಡೆದ ಸಾರ್ವಜನಿಕ ಸಭೆಗೆ ಹೋಗಿದ್ದೆ. ಬಾಗಿಲಲ್ಲೇ ಹಸಿರು ಕಾಗದ ಒಂದು, ಕೆಂಪು ಕಾಗದ ಒಂದು ಕೊಟ್ಟರು. ಮಾತು ಒಪ್ಪಿಗೆಯಾದರೆ ಹಸಿರು ಎತ್ತಬೇಕು, ಇಲ್ಲದಿದ್ದರೆ ಕೆಂಪು. ವಿಯೆಟ್ನಾಂ ಯುದ್ಧದ ಟೋಪಿ ಹಾಕಿಕೊಂಡಿದ್ದ ಒಬ್ಬ ಅಜ್ಜ ಕೋಲೂರಿಕೊಂಡು ಮೈಕಿನ ಹತ್ತಿರ ಬಂದರು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನರ್ಸುಗಳನ್ನು ಕಡಿಮೆ ಮಾಡುವ ಬದಲು ಪೆಂಟಗನ್ನಿನ, ಅಂದರೆ ಇಲ್ಲಿನ ರಕ್ಷಣಾ ಇಲಾಖೆಯ ದುಡ್ಡು ಕಡಿಮೆ ಮಾಡಿ ಅಂದರು. ಎಷ್ಟೋ ಹಸಿರು ಕಾಗದಗಳು ಮೇಲೆದ್ದವು. ಹಿಂದಿನ ಸಾಲಿನಿಂದ ಇನ್ನೊಬ್ಬ ಕೆಂಪು ಹಿಡಿದುಕೊಂಡೇ ಎದ್ದ. ಚೀನಾ ಹಡಗಿನ ಮೇಲೆ ಹಡಗು ಕಟ್ಟುತ್ತಿದೆ, ಸೈನ್ಯ ಮುಟ್ಟಬೇಡಿ, ಆಫೀಸುಗಳಲ್ಲಿ ಸುಮ್ನೆ ಕೂತಿರುವವರನ್ನು ಮನೆಗೆ ಕಳಿಸಿ ಅಂದ. ಕೂಗಾಟವೂ ಆಯಿತು. ಆದರೆ ಯಾರೂ ಯಾರನ್ನೂ ದೇಶದ್ರೋಹಿ ಅನ್ನಲಿಲ್ಲ. ನನಗೆ ಆಶ್ಚರ್ಯವಾಗಿದ್ದು ಅದೇ.

ಈ ಜಗಳ ಇಲ್ಲಿ ಹಳೆಯದು. ಒಂದು ಪಕ್ಷದವರು ಸರ್ಕಾರ ಊದಿಕೊಂಡಿದೆ, ಅದರ ಗಾತ್ರ ಇಳಿಸಿ ಅನ್ನುತ್ತಾರೆ. ಇನ್ನೊಂದು ಕಡೆಯವರು ಊದಿಕೊಂಡಿರುವುದು ಸೈನ್ಯದ ಖರ್ಚು, ಅದನ್ನು ಇಳಿಸಿ ಅನ್ನುತ್ತಾರೆ. ಮೊದಲನೆಯವರ ಲೆಕ್ಕದಲ್ಲಿ ಸೈನ್ಯ ಸರ್ಕಾರದ ಒಳಗೆ ಬರುವುದೇ ಇಲ್ಲ. ಅದು ಎಲ್ಲೋ ಆಕಾಶದಿಂದ ಬಂದ ಹಾಗೆ. ಆದರೆ ಇಲ್ಲಿನ ಕೇಂದ್ರ ಸರ್ಕಾರದ ಸಿವಿಲ್ ನೌಕರರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ರಕ್ಷಣಾ ಇಲಾಖೆಯವರು. ಅಂಚೆಯವರನ್ನು ಇದರಲ್ಲಿ ಸೇರಿಸಿಲ್ಲ. ಸರ್ಕಾರ ಇಳಿಸಲು ಹೊರಟರೆ ಕೈ ಮೊದಲು ಹೋಗಬೇಕಾದ್ದೇ ಅಲ್ಲಿಗೆ, ಅಲ್ವಾ?

ಸೈನ್ಯದ ಖರ್ಚು ವರ್ಷಕ್ಕೆ 850 ಬಿಲಿಯನ್ ಡಾಲರ್ ದಾಟಿದೆ, ಅಂದರೆ 70 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಅಷ್ಟು ದುಡ್ಡಿಗೆ ಲೆಕ್ಕ ಕೊಡಿ ಎಂದು 2018ರಿಂದ ಪ್ರತಿವರ್ಷ ಇಡೀ ಪೆಂಟಗನ್ನಿನ ತಪಾಸಣೆ ನಡೆಯುತ್ತಿದೆ. ಇಲಾಖೆ ಒಂದು ಸಲವೂ ಪಾಸಾಗಿಲ್ಲ. ಫೇಲಾದೆವು ಎಂದು ಅವರೇ ಪ್ರಕಟಿಸುತ್ತಾರೆ, ಮಾರನೆಯ ದಿನ ಪೇಪರಿನಲ್ಲಿ ಬರುತ್ತದೆ. 2020ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಸೈನ್ಯದ ದುಡ್ಡಿನಲ್ಲಿ ನೂರಕ್ಕೆ ಹತ್ತು ಕಡಿತ ಮಾಡಿ ಎಂದು ತಿದ್ದುಪಡಿ ತಂದು ಮತಕ್ಕೆ ಹಾಕಿಸಿದರು. ಸೈನ್ಯದ ಬಾಬ್ತನ್ನು ಸಾಲು ಸಾಲಾಗಿ ಹಿಡಿದು ಸಂಸತ್ತಿನ ಸಮಿತಿ ಕೆಲವೊಮ್ಮೆ ನಡುರಾತ್ರಿವರೆಗೆ ಕೂರುತ್ತದೆ.

ಈಗ ನಮ್ಮಲ್ಲಿ ನೋಡಿ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಕೇಂದ್ರದ ಒಟ್ಟು ಖರ್ಚಿನಲ್ಲಿ ನೂರಕ್ಕೆ ಸುಮಾರು 13. ಅಮೆರಿಕದ್ದೂ ಹೆಚ್ಚುಕಡಿಮೆ ಅಷ್ಟೇ ಪಾಲು! ಪಾಲು ಒಂದೇ, ಮಾತು ಮಾತ್ರ ಇಲ್ಲ. ಎಷ್ಟೋ ವರ್ಷ ರಕ್ಷಣೆಯ ಬೇಡಿಕೆಗಳು ಲೋಕಸಭೆಯಲ್ಲಿ ಚರ್ಚೆಯಿಲ್ಲದೆ, ಉಳಿದವುಗಳ ಜೊತೆ ಒಟ್ಟಿಗೆ ಮತಕ್ಕೆ ಹಾಕುವ ಗಿಲೋಟಿನ್‌ನಲ್ಲಿ ಪಾಸಾಗುತ್ತವೆ. 2018ರ ಮಾರ್ಚ್‌ನಲ್ಲಂತೂ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳೂ ಒಟ್ಟಿಗೆ ಹಾಗೇ ಹೋದವು. 2022ರಲ್ಲಿ ಸೈನಿಕರ ಭರ್ತಿಗೆ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ, ನಾಲ್ವರಲ್ಲಿ ಒಬ್ಬರಿಗಷ್ಟೇ ಖಾಯಂ. ಪಿಂಚಣಿ ಉಳಿಸಲು ಇದು ಎಂದು ಓಣಿಯ ಹುಡುಗರಿಗೂ ಅನಿಸಿತು. ಸರ್ಕಾರ ಮಾತ್ರ ಸೇನೆಯನ್ನು ಯುವಕರದಾಗಿ ಮಾಡುತ್ತೇವೆ ಅಂದಿತು. ದುಡ್ಡಿನ ವಿಷಯ ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು?

ಸರ್ಕಾರದ ಗಾತ್ರ ಇಳಿಸುವ ಮಾತು ನಮ್ಮಲ್ಲೂ ಇದೆ. ಅದನ್ನು ಕೇಳಿದರೆ ನಗು ಬರುತ್ತದೆ. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಲು ಊರಿಗೆ ಹೋಗಿದ್ದೆ. ತಾಲೂಕು ಕಚೇರಿಯಲ್ಲಿ ಒಂದು ಸಾಲು ಮೇಜು, ಅರ್ಧ ಖಾಲಿ. ಕಡತದ ಕಟ್ಟುಗಳನ್ನು ಕುರ್ಚಿಯ ಮೇಲೇ ಇಟ್ಟಿದ್ದರು, ಕೂರುವವರಿಲ್ಲವಲ್ಲ. ನಮ್ಮ ಊರಿನ ಆಡಳಿತ ಅಧಿಕಾರಿಗೆ ಇನ್ನೆರಡು ವೃತ್ತದ ಪ್ರಭಾರ. "ಸಾಹೇಬ್ರು ಇವತ್ತು ಆ ಕಡೆ ಹೋಗವ್ರೆ, ನಾಳೆ ಬನ್ನಿ" ಅಂದ ಕೆಳಗಿನವನೂ ಹೊರಗುತ್ತಿಗೆಯವನೇ. ಕರ್ನಾಟಕ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. ಶಾಲೆಯಲ್ಲಿ ಅತಿಥಿ ಶಿಕ್ಷಕರು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿಗಳು! ಸರ್ಕಾರ ಆಗಲೇ ಅರ್ಧ ಕರಗಿದೆ. ಹೀಗೆ ಮಾಡುತ್ತೇವೆ ಎಂದು ಯಾರೂ ಘೋಷಿಸಲಿಲ್ಲ, ಯಾರೂ ಮತ ಹಾಕಲಿಲ್ಲ. ನಿವೃತ್ತರಾದವರ ಜಾಗ ತುಂಬದೆ ಬಿಟ್ಟರು, ಅಷ್ಟೆ. ಕೇಳದೆ ಕತ್ತರಿಸುವುದಕ್ಕಿಂತ ಕೂಗಾಡಿ ಕತ್ತರಿಸುವುದೇ ವಾಸಿ ಅನಿಸುತ್ತದೆ ನನಗೆ.

ಇಲ್ಲಿ ಕೂಗಾಡಿದ ಮೇಲೆ ಏನಾಯಿತು ಅಂತ ಚಿಕ್ಕಪ್ಪ ಕೇಳಬಹುದು. ಹೇಳಲೇಬೇಕು. ಸ್ಯಾಂಡರ್ಸ್ ತಿದ್ದುಪಡಿ 23-77ರಲ್ಲಿ ಬಿದ್ದುಹೋಯಿತು. 2012ರಲ್ಲಿ ಸೇನಾ ಮುಖ್ಯಸ್ಥ ಓಡಿಯರ್ನೋ ಅವರೇ ಸದ್ಯಕ್ಕೆ ಟ್ಯಾಂಕು ಸಾಕು ಎಂದರೂ ಸಂಸದರು ಕೇಳಲಿಲ್ಲ, ದುಡ್ಡು ಕೊಟ್ಟರು. ಒಹಾಯೊದ ಲಿಮಾ ಎಂಬ ಊರಿನಲ್ಲಿ ಟ್ಯಾಂಕ್ ಕಾರ್ಖಾನೆ ಇದೆ, ಅಲ್ಲಿ ಕೆಲಸಗಳಿವೆ, ಅಲ್ಲಿ ಮತಗಳಿವೆ. 2025ರ ಆರಂಭದಲ್ಲಿ ಸರ್ಕಾರದ ಗಾತ್ರ ಇಳಿಸುವ ಅಬ್ಬರ ಎದ್ದಾಗ ಹೊಡೆತ ಬಿದ್ದದ್ದು ಗುಮಾಸ್ತರಿಗೆ, ಹೊಸದಾಗಿ ಸೇರಿದವರಿಗೆ. ನಮ್ಮ ಕನ್ನಡ ಕೂಟದ ಗೆಳತಿಯೊಬ್ಬರು ಕೇಂದ್ರದ ಒಂದು ಇಲಾಖೆಯಲ್ಲಿದ್ದಾರೆ. ಫೆಬ್ರವರಿಯ ಆ ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಕಳೆದ ವಾರ ಏನು ಕೆಲಸ ಮಾಡಿದಿರಿ, ಐದು ಅಂಶ ಬರೆದು ಕಳಿಸಿ ಎಂದು ಹಿಂದಿನ ದಿನ ಅವರಿಗೆ ಇಮೇಲ್ ಬಂದಿತ್ತು. ಬಿಸಿಬೇಳೆಬಾತ್ ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದರು. ಮೂರು ಬರೆದು, ನಾಲ್ಕನೆಯದನ್ನು ಅಳಿಸಿ, ಮತ್ತೆ ಬರೆದರು. ಇಪ್ಪತ್ತು ವರ್ಷದ ನೌಕರಿ ಅವರದು. ಕೇಂದ್ರದ ಎಲ್ಲ ಸಿವಿಲ್ ನೌಕರರ ಸಂಬಳ ಕೂಡಿಸಿದರೂ ಒಟ್ಟು ಖರ್ಚಿನಲ್ಲಿ ನೂರಕ್ಕೆ ಐದರ ಆಸುಪಾಸು. ಅದೇ ವರ್ಷ ಜುಲೈನಲ್ಲಿ ಬಂದ ಕಾನೂನು ಸೈನ್ಯಕ್ಕೆ ಸುಮಾರು 150 ಬಿಲಿಯನ್ ಡಾಲರ್ ಹೆಚ್ಚುವರಿಯಾಗಿ ಕೊಟ್ಟಿತು. ಹಸಿರು ಕಾಗದ ಎತ್ತಿದವರೆಲ್ಲ ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ಇನ್ನೂ ಒಂದು ಮಾತು. ಅಮೆರಿಕದ ಅಕ್ಕಪಕ್ಕ ಇರುವುದು ಕೆನಡಾ ಮತ್ತು ಮೆಕ್ಸಿಕೊ. ನಮಗೆ ಹಾಗಲ್ಲ. ಕೊಡಗಿನಲ್ಲೋ ಬೆಳಗಾವಿ ಕಡೆಯ ಹಳ್ಳಿಯಲ್ಲೋ ಮಗ ಗಡಿಯಲ್ಲಿರುವ ಮನೆಯ ಜಗಲಿಯಲ್ಲಿ ಕೂತು ಬಜೆಟ್ ಕಡಿತದ ಮಾತಾಡಲು ನನಗೂ ಬಾಯಿ ಬರುವುದಿಲ್ಲ. ನಮ್ಮಲ್ಲಿ ಲೆಕ್ಕ ಕೇಳುವವರೇ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. 2017ರಲ್ಲಿ ಮದ್ದುಗುಂಡಿನ ಕೊರತೆಯನ್ನು ಬಯಲಿಗೆ ತಂದದ್ದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮದೇ ಸಿಎಜಿ. ಅಷ್ಟೇ ಅಲ್ಲ, ನಮ್ಮಪ್ಪ ಜಾಲಹಳ್ಳಿಯ ಬಿಇಎಲ್‌ನಲ್ಲಿದ್ದವರು. ಸೈನ್ಯಕ್ಕೆ ರೇಡಾರ್ ಮಾಡಿದ ದುಡ್ಡಿನಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಕಡಿತ ಅಂದಿದ್ದರೆ ಆಗ ನಮ್ಮ ಬೀದಿಯಲ್ಲೂ ಕೆಂಪು ಕಾಗದವೇ ಏಳುತ್ತಿತ್ತು.

ಆದರೂ ನಾನು ಕೇಳಿದ್ದು ಕಡಿತವನ್ನಲ್ಲ, ಚರ್ಚೆಯನ್ನು. ನಮ್ಮ ಇಪ್ಪತ್ತೆಂಟು ಸಂಸದರಲ್ಲಿ ಯಾರಾದರೂ ಒಬ್ಬರು ಎದ್ದು ಪಿಂಚಣಿಗೆ ಎಷ್ಟು, ಹೊಸ ವಿಮಾನಕ್ಕೆ ಎಷ್ಟು, ಎಚ್‌ಎಎಲ್ ತೇಜಸ್ ಯುದ್ಧವಿಮಾನ ಕೊಡುವುದು ಯಾಕೆ ತಡ ಎಂದು ಒಂದು ಗಂಟೆ ಜಗ್ಗಾಡಲಿ. ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ, ಕೂತು ನೋಡುತ್ತೇನೆ. ಲಿಂಕನ್ನು ಗ್ರೂಪಿಗೂ ಹಾಕುತ್ತೇನೆ, ಚಿಕ್ಕಪ್ಪ ಬೈದರೆ ಬೈಯಲಿ.