ಜಾಗ ಖಾಲಿ ಇದ್ದರೆ ತಾನೇ ಹೊಂದಿಕೊಳ್ಳೋದು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ರತಿ ಫೆಬ್ರವರಿ ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳೋ ಕೊನೇ ದಿನ, ಮುಗಿದು ಎರಡು ವಾರ ಆಗಿರೋದಿಲ್ಲ, ಮಾತು ಶುರುವಾಗುತ್ತೆ: "ಅವನು ಹೊಸ ಟೀಮಿಗೆ ಹೊಂದಿಕೊಳ್ತಾ ಇಲ್ಲ." ಥೇಟ್ ಮನೆಗೆ ಬಂದ ಹೊಸ ಸೊಸೆ ಬಗ್ಗೆ ಆಡೋ ಮಾತು. ತಪ್ಪೆಲ್ಲ ಬಂದವಳದ್ದು, ಕರೆತಂದವರದ್ದು ಏನೂ ಇಲ್ಲ. ನನಗಂತೂ ಇದು ಒಪ್ಪಿಗೆಯಿಲ್ಲ. ಟ್ರೇಡ್ ಆದವನು ಗೆಲ್ತಾನೋ ಸೋಲ್ತಾನೋ ಅನ್ನೋದು ಮುಕ್ಕಾಲು ಪಾಲು ಅವನು ವಿಮಾನ ಹತ್ತೋ ಮುಂಚೆಯೇ ತೀರ್ಮಾನ ಆಗಿರುತ್ತೆ.

ಮೊದಲು ಅವನ ಪಾಡು ನೋಡಿ. ಐಪಿಎಲ್‌ನಲ್ಲಿ ಟ್ರೇಡ್ ಆಗಬೇಕಾದರೆ ಆಟಗಾರನ ಒಪ್ಪಿಗೆ ಬೇಕು. ಎನ್‌ಬಿಎಯಲ್ಲಿ ಬೆರಳೆಣಿಕೆಯವರನ್ನು ಬಿಟ್ಟರೆ ಯಾರಿಗೂ ಆ ಹಕ್ಕಿಲ್ಲ. 2025ರ ಫೆಬ್ರವರಿ ಮೊದಲಲ್ಲಿ ಡಲ್ಲಾಸ್ ತಂಡ ಲೂಕಾ ಡಾಂಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟಾಗ ಅವನಿಗೇ ಸುಳಿವಿರಲಿಲ್ಲ. ಲೂಕಾನಂಥವನ ಕಥೆ ಬೇರೆ ಬಿಡಿ, ಅವನು ಬಂದರೆ ತಂಡವೇ ಅವನ ಸುತ್ತ ಬದಲಾಗುತ್ತೆ. ಕಷ್ಟ ಇರೋದು ಉಳಿದವರಿಗೆ. 82 ಪಂದ್ಯಗಳ ಸೀಸನ್, ಒಂದು ದಿನ ಬಿಟ್ಟು ಒಂದು ದಿನ ಆಟ, ಸರಿಯಾದ ಪ್ರಾಕ್ಟೀಸಿಗೆ ಸಮಯವೇ ಇಲ್ಲ. ಅದೇ ಪ್ಲೇಗೆ, ಅಂದರೆ ಮೊದಲೇ ಹಾಕಿಕೊಂಡ ಆಟದ ತಂತ್ರಕ್ಕೆ, ಹೊಸ ತಂಡದಲ್ಲಿ ಬೇರೆ ಹೆಸರು. ಎದುರಾಳಿ ಸ್ಕ್ರೀನ್ ಹಾಕಿದಾಗ (ಜೊತೆಗಾರನನ್ನು ಕಾಯೋನ ದಾರಿಗೆ ಅಡ್ಡ ನಿಂತಾಗ) ಹಳೆ ತಂಡದಲ್ಲಿ ಹಿಂದೆ ಸರೀತಿದ್ದವನು ಇಲ್ಲಿ ಸ್ವಿಚ್ ಮಾಡಬೇಕು, ಅಂದರೆ ಕಾಯೋ ಆಳನ್ನು ಬದಲಿಸಿಕೊಳ್ಳಬೇಕು. ಅರ್ಧ ಸೆಕೆಂಡ್ ಯೋಚನೆ ಮಾಡಿದರೆ ಮೂರು ಪಾಯಿಂಟ್ ಹೋಯ್ತು.

ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗೋದು ಆರನ್ ಗೋರ್ಡನ್. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳೋ ದಿನ) ನಾಲ್ಕನೆಯವನಾಗಿ ಒರ್ಲ್ಯಾಂಡೊ ಸೇರಿದ. ಹೊರಗಿನವರಿಗೆ ಅವನು ಗೊತ್ತಿದ್ದದ್ದು ಹಾರಿ ಚೆಂಡನ್ನು ರಿಂಗ್‌ಗೆ ತುರುಕೋ 2016ರ ಡಂಕ್ ಸ್ಪರ್ಧೆಯಿಂದ. ಝ್ಯಾಕ್ ಲವೀನ್ ಎದುರು ಸೋತ. 2020ರಲ್ಲೂ ಸೋತ, ಆ ತೀರ್ಪು ಅನ್ಯಾಯ ಅಂತ ಈಗಲೂ ವಾದ ಮಾಡೋರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಆದರೆ ಒರ್ಲ್ಯಾಂಡೊದಲ್ಲಿ ಅವನಿಗೆ ಕೊಟ್ಟಿದ್ದ ಕೆಲಸ ಹಾರೋದಲ್ಲ. ಚೆಂಡು ಹಿಡಿದು, ಡ್ರಿಬಲ್ ಮಾಡಿ, ತಾನೇ ಶಾಟ್ ಹುಟ್ಟಿಸಿಕೊಳ್ಳೋ ನಾಯಕನ ಕೆಲಸ. ಹಂಗಾಮಿಯವರೂ ಸೇರಿ ಏಳು ವರ್ಷ ತುಂಬೋದರೊಳಗೆ ಐದು ಕೋಚ್‌ಗಳು. 2017-18ರಲ್ಲಿ ಪಂದ್ಯಕ್ಕೆ 17.6 ಪಾಯಿಂಟ್ ಹೊಡೆದ, ಆದರೆ ಶಾಟ್‌ಗಳಲ್ಲಿ ಒಳಗೆ ಹೋಗಿದ್ದು ಶೇ 43ರಷ್ಟು ಮಾತ್ರ.

2021ರ ಮಾರ್ಚ್ 25ರಂದು ಡೆನ್ವರ್‌ಗೆ ಟ್ರೇಡ್ ಆದ. ಅಲ್ಲಿ ಒಂದು ಜಾಗ ನಿಜವಾಗಿಯೂ ಖಾಲಿ ಇತ್ತು. ಎದುರಾಳಿಯ ದೊಡ್ಡ ಸ್ಕೋರರ್‌ಗಳನ್ನು ಕಾಯುತ್ತಿದ್ದ ಜೆರಾಮಿ ಗ್ರಾಂಟ್ ಹಿಂದಿನ ವರ್ಷವಷ್ಟೇ ಡೆಟ್ರಾಯಿಟ್‌ಗೆ ಹೋಗಿದ್ದ. ಚೆಂಡು ಆಡಿಸೋಕೆ ನಿಕೋಲಾ ಯೋಕಿಚ್ ಇದ್ದ, ಜಮಾಲ್ ಮರೆ ಇದ್ದ. ಗೋರ್ಡನ್‌ಗೆ ಉಳಿದ ಕೆಲಸ: ಆ ಕಡೆ ಕಷ್ಟದ ಆಳನ್ನು ಹಿಡಿ, ಈ ಕಡೆ ರಿಂಗ್ ಹತ್ತಿರ ನಿಲ್ಲು.

ಆ ನಿಲ್ಲೋದನ್ನು ಸ್ವಲ್ಪ ಗಮನಿಸಿ ನೋಡಿ. ಬೇಸ್‌ಲೈನ್ ಪಕ್ಕದಲ್ಲಿ, ರಿಂಗ್‌ನಿಂದ ನಾಲ್ಕು ಹೆಜ್ಜೆ ದೂರ. ಅದಕ್ಕೆ ಡಂಕರ್ ಸ್ಪಾಟ್ ಅಂತಾರೆ. ಯೋಕಿಚ್ ಮತ್ತು ಮರೆ ಮೇಲ್ಗಡೆ ಪಿಕ್ ಅಂಡ್ ರೋಲ್ (ಒಬ್ಬ ಸ್ಕ್ರೀನ್ ಹಾಕಿ ರಿಂಗ್ ಕಡೆ ನುಗ್ಗೋ ಜೋಡಿಯಾಟ) ಆಡ್ತಿರ್ತಾರೆ, ಇವನ ಕೈಗೆ ಚೆಂಡೇ ಬರಲ್ಲ. ಇವನನ್ನು ಕಾಯ್ತಿರೋನು ಯೋಕಿಚ್‌ನನ್ನು ತಡೆಯೋಕೆ ಒಂದು ಹೆಜ್ಜೆ ಮುಂದೆ ಇಟ್ಟನೋ, ಅವನ ತಲೆ ಮೇಲಿಂದ ಚೆಂಡು ತೇಲಿ ಬರುತ್ತೆ, ಗೋರ್ಡನ್ ಆಗಲೇ ಗಾಳಿಯಲ್ಲಿ. ತಂಡದ ಕೈಯಲ್ಲಿ ಚೆಂಡಿರೋ ಆ ಇಡೀ ಸರದಿಯಲ್ಲಿ ಅವನು ಚೆಂಡು ಮುಟ್ಟೋದು ಅದೊಂದೇ ಸಲ. 2022-23ರಲ್ಲಿ ಅವನ ಸರಾಸರಿ 16.3, ಹೆಚ್ಚುಕಡಿಮೆ ಹಳೇದೇ. ಶಾಟ್ ಮಾತ್ರ ಶೇ 56. ಮನುಷ್ಯ ಅವನೇ, ಕೇಳಿದ ಕೆಲಸ ಬೇರೆ.

ಆತುರದವರಿಗೆ ಇನ್ನೊಂದು ವಿಷಯ. ಇದು ಕೈಗೂಡೋಕೆ ಎರಡು ವರ್ಷ ಹಿಡೀತು. ಅವನು ಬಂದ ಹೊಸದರಲ್ಲಿ ಡೆನ್ವರ್ ಸಾಲಾಗಿ ಗೆದ್ದಿತು, ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಮರೆ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಮುಂದಿನ ಇಡೀ ಸೀಸನ್ ಹೊರಗೆ ಕೂತ. ಆ ಸೀಸನ್ ಗೋರ್ಡನ್ ಮತ್ತೆ ತನ್ನದಲ್ಲದ ಹೊರೆ ಹೊತ್ತ. 2022ರಲ್ಲಿ ಮೊದಲ ಸುತ್ತಲ್ಲೇ ಗೋಲ್ಡನ್ ಸ್ಟೇಟ್ ಎದುರು ತಂಡ ಮನೆಗೆ ಹೋದಾಗ "ಟ್ರೇಡ್ ದಂಡ" ಅಂತ ಬರೆದವರು ಕಮ್ಮಿ ಇರಲಿಲ್ಲ. 2022-23ರಲ್ಲಿ ಎಲ್ಲರೂ ಮರಳಿದರು. ಪ್ಲೇಆಫ್‌ನಲ್ಲಿ ಗೋರ್ಡನ್ ಸರದಿಯಂತೆ ಕಾರ್ಲ್-ಆಂಥನಿ ಟೌನ್ಸ್, ಕೆವಿನ್ ಡ್ಯುರಾಂಟ್, ಲೆಬ್ರಾನ್ ಜೇಮ್ಸ್, ಜಿಮ್ಮಿ ಬಟ್ಲರ್ ಎದುರು ನಿಂತ. ಮಯಾಮಿಯಲ್ಲಿ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ 27 ಪಾಯಿಂಟ್ ಹೊಡೆದ. ಡೆನ್ವರ್ 4-1ರಲ್ಲಿ ಗೆದ್ದು ಮೊದಲ ಬಾರಿಗೆ ಚಾಂಪಿಯನ್ ಆಯ್ತು. 2025ರ ಏಪ್ರಿಲ್‌ನಲ್ಲಿ ಕ್ಲಿಪ್ಪರ್ಸ್ ಎದುರು 99-99 ಇದ್ದಾಗ ಯೋಕಿಚ್‌ನ ಕೊನೇ ಶಾಟ್ ತಪ್ಪಿತು, ಚೆಂಡು ಕೆಳಗೆ ಬೀಳೋ ಮುಂಚೆ ಹಿಡಿದು ಬಝರ್ ಜೊತೆಗೇ ಡಂಕ್ ಮಾಡಿದವನು ಯಾರು? ರಿಂಗ್ ಹತ್ತಿರ ಇರೋದೇ ಕೆಲಸ ಮಾಡಿಕೊಂಡಿದ್ದವನು.

ಗೋರ್ಡನ್‌ನ ಪಾಲನ್ನು ನಾನು ಕಮ್ಮಿ ಮಾಡ್ತಿಲ್ಲ. ಇಪ್ಪತ್ತೈದರ ವಯಸ್ಸಲ್ಲಿ "ನಿನ್ನ ಕೈಗೆ ಚೆಂಡು ಕೊಡಲ್ಲ" ಅಂದರೆ ಮುಖ ಊದಿಸಿಕೊಳ್ಳದೆ ಒಪ್ಪೋರು ಎಷ್ಟು ಜನ? ಅದಕ್ಕೆ ಅವನು ತೆತ್ತ ಬೆಲೆಯೂ ಇದೆ. ಆ 2025ರ ಡಂಕ್ ಹೊಡೆದಾಗಲೂ ಅವನು ಒಂದು ಸಲವೂ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆಯಾದವನು) ಆಗಿರಲಿಲ್ಲ.

ಈಗ ಇದನ್ನು ರಸೆಲ್ ವೆಸ್ಟ್‌ಬ್ರೂಕ್ ಪಕ್ಕ ಇಟ್ಟು ನೋಡಿ. 2021ರಲ್ಲಿ ಲೇಕರ್ಸ್ ಅವನನ್ನು ವಾಷಿಂಗ್ಟನ್‌ನಿಂದ ತಂದರು. 2017ರ ಎಂವಿಪಿ (ಸೀಸನ್ನಿನ ಶ್ರೇಷ್ಠ ಆಟಗಾರ), ಚೆಂಡು ಕೈಯಲ್ಲಿದ್ದರೆ ಬಿರುಗಾಳಿ, ದೂರದ ಶಾಟ್ ಕಷ್ಟ. ಲೆಬ್ರಾನ್ ಇರೋ ತಂಡದಲ್ಲಿ ಚೆಂಡು ಯಾರ ಕೈಯಲ್ಲಿರುತ್ತೆ? ಅಲ್ಲಿ ಬೇಕಿದ್ದದ್ದು ಮೂಲೆಯಲ್ಲಿ ನಿಂತು ಮೂರು ಪಾಯಿಂಟ್ ಹೊಡೆದು, ಇನ್ನೊಂದು ಕಡೆ ಗಾರ್ಡ್ ಕಾಯೋನು. ಅಂಥವನು ಒಬ್ಬ ಅವರ ಹತ್ತಿರವೇ ಇದ್ದ, ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್. ಅವನನ್ನೇ ಕೊಟ್ಟು ವೆಸ್ಟ್‌ಬ್ರೂಕ್‌ನನ್ನು ತಂದರು! ಲೇಕರ್ಸ್ 33 ಗೆದ್ದು 49 ಸೋತಿತು, ಬೈಗುಳ ಎಲ್ಲ ವೆಸ್ಟ್‌ಬ್ರೂಕ್‌ಗೆ. ಕಾಲ್ಡ್‌ವೆಲ್-ಪೋಪ್ ಮರುವರ್ಷ ಡೆನ್ವರ್‌ಗೆ ಹೋಗಿ ಗೋರ್ಡನ್ ಜೊತೆ ಟ್ರೋಫಿ ಎತ್ತಿದ.

"ವೆಸ್ಟ್‌ಬ್ರೂಕ್‌ಗೆ ಅಹಂಕಾರ, ಅವನು ಬದಲಾಗಲ್ಲ" ಅನ್ನೋ ಗೆಳೆಯರಿಗೆ ಒಂದೇ ಮಾತು. 2024-25ರಲ್ಲಿ ಅದೇ ವೆಸ್ಟ್‌ಬ್ರೂಕ್, ವಯಸ್ಸು 36, ಡೆನ್ವರ್‌ನಲ್ಲಿ ಯೋಕಿಚ್ ಪಕ್ಕ ಆಡಿದ. ಅರ್ಧಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದ. ಚೆಂಡಿಲ್ಲದೆ ರಿಂಗ್ ಕಡೆ ಓಡಿದ, ಪಂದ್ಯಕ್ಕೆ 13 ಪಾಯಿಂಟ್ ಹೊಡೆದ. ಚೆಂಡು ಕಳೆದುಕೊಳ್ಳೋ ಚಾಳಿ ಅಲ್ಲೂ ಹೋಗಲಿಲ್ಲ, ಅದು ನಿಜ. ಆದರೆ ಲೇಕರ್ಸ್‌ನಲ್ಲಿ ಅವನಿಗೆ ಆಗಲ್ಲ ಅಂದಿದ್ದ ಕೆಲಸವನ್ನೇ ಇಲ್ಲಿ ದಿನಾ ಮಾಡ್ತಿದ್ದ.