ಜಿಲ್ಲೆ ಬದಲಿಸಿ, ಡಾಕ್ಟರ್ ಆಗಿ

ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. ಆಡಳಿತಕ್ಕೆ ಅನುಕೂಲವಾಗಲಿ ಅಂತ ಮಾಡಿದ್ದು ಎಂದು ಸರ್ಕಾರ ಹೇಳುತ್ತದೆ. ಆದರೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗಗಳ ಕಾರಿಡಾರಿನಲ್ಲಿ ಓಡಾಡಿದವರಿಗೆ ನಿಜವಾದ ಕಾರಣ ಗೊತ್ತು. ಒಂದೇ ವಿಷಯದ ಮೇಲೆ 31 ಪಿಎಚ್‌ಡಿ ಮಾಡಬಹುದು.

'ಸ್ವಸಹಾಯ ಸಂಘಗಳು ಮತ್ತು ಮಹಿಳಾ ಸಬಲೀಕರಣ: ಕೊಪ್ಪಳ ಜಿಲ್ಲೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ.' ಕೊಪ್ಪಳ ತೆಗೆದು ಗದಗ ಹಾಕಿ, ಇನ್ನೊಂದು ಅಧ್ಯಯನ. ಗದಗ ಆಗಿಹೋಗಿದೆಯಾ? ಹಾವೇರಿ ಖಾಲಿ ಇರಬಹುದು, ವಿಚಾರಿಸಿ. ಅದೂ ಇಲ್ಲದಿದ್ದರೆ ತಾಲ್ಲೂಕುಗಳಿಗೆ ಬರವಿಲ್ಲ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದಾಗ ಹೊಸಪೇಟೆಯವರು ಖುಷಿಪಟ್ಟರು, ಬಳ್ಳಾರಿಯವರು ಬೇಜಾರು ಮಾಡಿಕೊಂಡರು. ಇಬ್ಬರಿಗಿಂತ ಜಾಸ್ತಿ ಖುಷಿಯಾಗಿದ್ದು ಪಿಎಚ್‌ಡಿ ಮಾಡಿಸುವ ಗೈಡುಗಳಿಗೆ. ಒಂದು ಜಿಲ್ಲೆ ಸಿಕ್ಕಿತು ಅಂದರೆ ಬರೀ ಸ್ವಸಹಾಯ ಸಂಘ ಸಿಕ್ಕಂತಲ್ಲ. ಪಂಚಾಯತ್ ರಾಜ್, ಉದ್ಯೋಗ ಖಾತ್ರಿ, ಬಿಸಿಯೂಟ, ಶೌಚಾಲಯ, ಅಲೆಮಾರಿಗಳು, ವಲಸೆ, ಎಲ್ಲವನ್ನೂ ಮೊದಲಿನಿಂದ 'ಅನುಲಕ್ಷಿಸಿ'ಕೊಂಡು ಬರಬಹುದು.

ವಿಷಯಗಳನ್ನು ಕೊಡುವುದು ಸಮಾಜ ಅಂತ ತಿಳಿದುಕೊಂಡಿದ್ದರೆ ಅದು ನಿಮ್ಮ ತಪ್ಪು. ವಿಷಯ ಕೊಡುವುದು ಬಜೆಟ್ಟು. 2000ನೇ ಇಸವಿಯ ಹೊತ್ತಿಗೆ ಸ್ತ್ರೀಶಕ್ತಿ ಯೋಜನೆ ಬಂತು, ಒಂದು ತಲೆಮಾರು ಡಾಕ್ಟರ್ ಆಯಿತು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಫ್ರೀ ಆಯಿತು, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಯಿತು. ಇನ್ನೊಂದು ತಲೆಮಾರಿನ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಮುನ್ನೋಟ, ರೆಡಿ. ಮುಖ್ಯಮಂತ್ರಿ ಬಜೆಟ್ ಓದುವಾಗ ವಿರೋಧ ಪಕ್ಷದವರು ಗದ್ದಲ ಮಾಡುತ್ತಿರುತ್ತಾರೆ. ಗಮನ ಕೊಟ್ಟು ಕೇಳುವವರು ಸಂಶೋಧಕರು ಮಾತ್ರ.

ಸಿನಾಪ್ಸಿಸ್ ಬರೆಯುವಾಗಲೇ ಫಲಿತಾಂಶವೂ ಗೊತ್ತಿರುತ್ತದೆ, ಅದು ಇನ್ನೊಂದು ಅನುಕೂಲ. 'ಮಹಿಳೆಯರು ಸಬಲರಾಗಿದ್ದಾರೆ, ಆದರೆ ಇನ್ನೂ ಆಗಬೇಕಾಗಿದೆ.' ಈ ವಾಕ್ಯವನ್ನು ಇವತ್ತಿನ ತನಕ ಯಾವ ಪರೀಕ್ಷಕರೂ ತಪ್ಪು ಎಂದಿಲ್ಲ. ಹೇಗೆ ಹೇಳುತ್ತಾರೆ? ಅವರ ಥೀಸಿಸ್ಸೂ ಅದರಲ್ಲೇ ಮುಗಿದಿದ್ದು.

ಇಷ್ಟು ಸಲೀಸಾದ ಕೆಲಸಕ್ಕೆ ವರ್ಷಗಟ್ಟಲೆ ಯಾಕೆ ಬೇಕು ಅಂತ ಕೇಳಬಹುದು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಆಮೇಲೂ ಆಗದಿದ್ದರೆ ಮರುನೋಂದಣಿ ಮಾಡಿಸಿ ಇನ್ನೆರಡು. ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ಪ್ರಗತಿ ವರದಿ. ಆರು ವರ್ಷಕ್ಕೆ ಅಂಥ ಹನ್ನೆರಡು ವರದಿ, ಹನ್ನೆರಡರಲ್ಲೂ ಒಂದೇ ಸಾಲು: 'ಅಭ್ಯರ್ಥಿಯ ಪ್ರಗತಿ ತೃಪ್ತಿಕರವಾಗಿದೆ.' ಯಾರಿಗೆ ತೃಪ್ತಿ ಅಂತ ಬರೆಯಲು ಫಾರಂನಲ್ಲಿ ಜಾಗವಿಲ್ಲ.

ಸಮಯ ಹೋಗುವುದು ಬರೆಯುವುದರಲ್ಲಲ್ಲ, ನಿಯಮಗಳ ಹಿಂದೆ ಓಡುವುದರಲ್ಲಿ. 2018ರಲ್ಲಿ ಸೇರಿದ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಆ ವರ್ಷ ಯುಜಿಸಿ, ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕ ಆಗಬೇಕಾದರೆ 2021ರ ಜುಲೈನಿಂದ ಪಿಎಚ್‌ಡಿ ಕಡ್ಡಾಯ ಎಂದಿತು. ಹುಡುಗ ಇದ್ದ ಕೆಲಸ ಬಿಟ್ಟು ರಿಜಿಸ್ಟರ್ ಮಾಡಿಸಿದ. 2021 ಬಂತು, ಕಡ್ಡಾಯ 2023ಕ್ಕೆ ಮುಂದೆ ಹೋಯಿತು. 2023ರ ಜುಲೈ ಬಂತು, ಪಿಎಚ್‌ಡಿ ಬೇಕಾಗಿಲ್ಲ, ನೆಟ್ ಅಥವಾ ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು ಎಂದರು. ಹುಡುಗ ಅಷ್ಟೊತ್ತಿಗೆ ನಾಲ್ಕನೇ ಅಧ್ಯಾಯದಲ್ಲಿದ್ದ. ಹಿಂದಕ್ಕೆ ಬರುವ ಹಾಗಿಲ್ಲ, ಮುಂದೆ ಹೋಗಿ ಪ್ರಯೋಜನವಿಲ್ಲ.

ಅವನ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಸೇರುವಾಗ ಇದ್ದ ನಿಯಮದಂತೆ ಥೀಸಿಸ್ ಕೊಡುವ ಮೊದಲು ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟವಾಗಬೇಕಿತ್ತು, ಎರಡು ಸೆಮಿನಾರಿನಲ್ಲಿ ಪೇಪರ್ ಓದಬೇಕಿತ್ತು. ಜರ್ನಲ್ ಅಂದರೆ ಯಾವುದು? ಯುಜಿಸಿ ಒಂದು ಪಟ್ಟಿ ಇಟ್ಟಿತ್ತು. 2018ರ ಮೇನಲ್ಲಿ ಅದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ಹಿಂದಿನ ವಾರ ದುಡ್ಡು ಕಟ್ಟಿದವರು ತಲೆಯ ಮೇಲೆ ಕೈಹೊತ್ತು ಕೂತರು. 2019ರಲ್ಲಿ ಕೇರ್ ಅನ್ನುವ ಹೊಸ ಪಟ್ಟಿ ಬಂತು. ಎಲ್ಲರೂ ಅದರಲ್ಲಿ ಜಾಗಕ್ಕಾಗಿ ಮುಗಿಬಿದ್ದರು. 2022ರಲ್ಲಿ, ಪ್ರಕಟಣೆ ಕಡ್ಡಾಯವಲ್ಲ ಎಂದರು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟರು. ಯುಜಿಸಿ ತೆಗೆದರೂ ಹಲವು ಕಡೆ ಕ್ಲರ್ಕ್ ತೆಗೆಯಲಿಲ್ಲ, ಅದು ಬೇರೆ ಮಾತು. ಅವರ ಟೇಬಲ್ ಗಾಜಿನ ಕೆಳಗಿರುವ ಚೆಕ್‌ಲಿಸ್ಟ್‌ನಲ್ಲಿ 'ಪ್ರಕಟಿತ ಲೇಖನದ ಪ್ರತಿ' ಅಂತ ಇನ್ನೂ ಇದೆ. ಗಾಜು ಎತ್ತುವವರು ಯಾರು?

ಇನ್ನು ಪ್ರವೇಶದ ಕತೆ. ಪಿಎಚ್‌ಡಿ ಸೀಟಿಗೂ ನೆಟ್ ಅಂಕವನ್ನೇ ಬಳಸಬಹುದು ಅಂತ 2024ರಲ್ಲಿ ತೀರ್ಮಾನವಾಯಿತು. ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. 19ರಂದು ಅದು ರದ್ದಾಯಿತು. ಬಹುಶಃ ದೇಶದ ಯುವಜನರಿಗೆ ರಾಜ್ಯಶಾಸ್ತ್ರದ ಅತ್ಯುತ್ತಮ ಪ್ರಾಯೋಗಿಕ ತರಗತಿ ಸಿಕ್ಕಿದ್ದು ಆ ದಿನವೇ.

ಗೈಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯವರಿದ್ದಾರೆ, ತಿದ್ದಿ ತಿದ್ದಿ ಬರೆಸುವವರಿದ್ದಾರೆ. ಅಂಥವರ ಹತ್ತಿರ ಸೀಟು ಖಾಲಿ ಇರುವುದಿಲ್ಲ. ಯಾಕೆಂದರೆ ಪ್ರೊಫೆಸರ್‌ಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕರಿಗೆ ನಾಲ್ಕು ಅಂತ ಲೆಕ್ಕ ಇದೆ. ಉಳಿದವರ ಹತ್ತಿರ ಹೋದರೆ ಮೊದಲ ವರ್ಷ ಗೈಡಿನ ಉತ್ತರಪತ್ರಿಕೆಗಳ ಅಂಕ ಕೂಡಬೇಕು, ಎರಡನೇ ವರ್ಷ ಅವರ ಪುಸ್ತಕದ ಕರಡು ತಿದ್ದಬೇಕು, ಮೂರನೇ ವರ್ಷ ಅವರ ಮಗಳ ಮದುವೆಯಲ್ಲಿ ಊಟದ ಟೋಕನ್ ಕೌಂಟರ್ ನೋಡಿಕೊಳ್ಳಬೇಕು. ಇದಕ್ಕೆಲ್ಲ ಕ್ರೆಡಿಟ್ ಇಲ್ಲ. ಕೋರ್ಸ್‌ವರ್ಕ್‌ನ ಸಂಶೋಧನಾ ನೀತಿ ಅನ್ನುವ ಪೇಪರಿಗೆ ಮಾತ್ರ ಎರಡು ಕ್ರೆಡಿಟ್ ಇದೆ.

ನಿಜವಾದ ಮಜಾ ಇರುವುದು ಕ್ಷೇತ್ರಕಾರ್ಯದಲ್ಲಿ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿಕೊಂಡರು. ವರ್ಷಗಳ ಕಾಲ ಅವನ್ನು ವಿಂಗಡಿಸಿ ಇಟ್ಟುಕೊಂಡಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಹಾಗೆ ವಿಂಗಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಶ್ರೀನಿವಾಸ್ ಎದೆಗುಂದದೆ ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು. ಸಮಾಜಶಾಸ್ತ್ರದಲ್ಲಿ ಇದೊಂದು ದೊಡ್ಡ ಪವಾಡ ಎಂದು ಎಂಎ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ನಮ್ಮ ಹುಡುಗರು ಆ ಪಾಠವನ್ನು ಚೆನ್ನಾಗಿ ಕಲಿತಿದ್ದಾರೆ. ಈಗ ಬೆಂಕಿ ಬೀಳುವ ತನಕ ಕಾಯುವುದಿಲ್ಲ, ಹಳ್ಳಿಗೂ ಹೋಗುವುದಿಲ್ಲ, ನೇರ ನೆನಪಿನಿಂದಲೇ ತುಂಬುತ್ತಾರೆ.

ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ, 300 ಪ್ರಶ್ನಾವಳಿ, ಮೂರು ಬಣ್ಣದ ಪೆನ್ನು. ಎಲ್ಲ ಒಂದೇ ಕೈಬರಹ ಆಗಬಾರದು ಅಂತ ಒಬ್ಬ ಎಡಗೈಯಲ್ಲಿ ಬರೆಯುತ್ತಾನೆ. ಅನಕ್ಷರಸ್ಥ ಉತ್ತರದಾತರಿಗೆ ಹೆಬ್ಬೆಟ್ಟೂ ಒತ್ತುತ್ತಾರೆ. ಇದು ಪ್ರಾಮಾಣಿಕತೆ ಅಲ್ಲ ಅಂತ ಹೇಗೆ ಹೇಳೋಣ? ಊರಿನ ಜನಸಂಖ್ಯೆ, ಜಾತಿವಾರು ಪ್ರಮಾಣ, ಸಾಕ್ಷರತೆ ಎಲ್ಲವನ್ನೂ ನೋಡಿಯೇ ತುಂಬುತ್ತಾರೆ. ಒಬ್ಬ ಹುಡುಗ ನನಗೆ ಹೇಳಿದ: "ಸರ್, ನಿಜವಾಗ್ಲೂ ಹೋಗಿ ಕೇಳಿದ್ರೆ ಡೇಟಾ ಕೆಡುತ್ತೆ."

ಅವನ ಮಾತಿನಲ್ಲಿ ಅನುಭವ ಇದೆ. ಪಾಪ, ಕೆಲವರು ನಿಜವಾಗಿಯೂ ಹಳ್ಳಿಗೆ ಹೋಗುತ್ತಾರೆ. ಲೈಕರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1932ರಲ್ಲಿ ಮಾಡಿದ ಮಾಪನವನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ಎದುರಿಗೆ ಕಡಲೆ ಬಿಡಿಸುತ್ತಿರುವ ಒಬ್ಬ ಅಮ್ಮ.

"ಅಮ್ಮಾ, 'ಸಂಘಕ್ಕೆ ಸೇರಿದ ಮೇಲೆ ಕುಟುಂಬದ ನಿರ್ಧಾರಗಳಲ್ಲಿ ನನ್ನ ಪಾತ್ರ ಹೆಚ್ಚಾಗಿದೆ.' ಇದನ್ನ ಸಂಪೂರ್ಣ ಒಪ್ಪುತ್ತೀರಾ, ಒಪ್ಪುತ್ತೀರಾ, ತಟಸ್ಥರಾ, ಒಪ್ಪುವುದಿಲ್ಲವಾ, ಸಂಪೂರ್ಣವಾಗಿ ಒಪ್ಪುವುದಿಲ್ಲವಾ?"

"ಹೋದ ವರ್ಷ ಬಂದಿದ್ದ ತಮ್ಮನೂ ಇದನ್ನ ಕೇಳಿದ್ದ ನೋಡ್ರಿ. ಅವಂಗ ಏನ್ ಹೇಳಿದ್ನೋ ನೆನಪಿಲ್ಲ. ಅದನ್ನ ಬರಕೊಳ್ರಿ."

"ಹಂಗಲ್ಲಮ್ಮ, ನಿಮ್ಮ ಅಭಿಪ್ರಾಯ ಬೇಕು."

"ಸಂಘದಾಗ ಸಾಲ ತಗೊಂಡೆ. ಗಂಡ ಬೈಕ್ ತಗೊಂಡ. ಕಂತು ನಾ ಕಟ್ಟತೀನಿ. ಪೆಟ್ರೋಲ್‌ಗೆ ರೊಕ್ಕ ಬೇಕಂದ್ರ ಈಗ ನನ್ನ ಕೇಳತಾನ. ಪಾತ್ರ ಹೆಚ್ಚಾಗೇತೋ ಕಡಿಮೆ ಆಗೇತೋ ನೀವ ಹೇಳ್ರಿ, ನೀವ ಓದಿದವ್ರು."

ಹುಡುಗ ಸ್ವಲ್ಪ ಹೊತ್ತು ಯೋಚಿಸಿ 'ತಟಸ್ಥ'ಕ್ಕೆ ಟಿಕ್ ಹಾಕುತ್ತಾನೆ.

ಇಡೀ ಥೀಸಿಸ್‌ಗೆ ಸಾಲುವಷ್ಟು ಸರಕು ಆ ನಾಲ್ಕು ಮಾತಿನಲ್ಲಿತ್ತು ಅಲ್ವಾ? ಸಾಲ ಯಾರದು, ಬೈಕು ಯಾರದು, ಕಂತು ಯಾರದು, ಕೈ ಚಾಚುವವರು ಯಾರು. ಆದರೆ ಅದಕ್ಕೆ ಕಾಲಂ ಇಲ್ಲ. ಐದು ಮನೆಗಳ ಕೋಷ್ಟಕದಲ್ಲಿ ಅವಳು ಮಧ್ಯದ ಮನೆಗೆ ಹೋಗಿ ಕೂತಳು. ಮುಂದೆ ಅವಳು 'ಶೇ. 18.33 ಜನ ತಟಸ್ಥರಾಗಿದ್ದಾರೆ' ಅನ್ನುವ ಸಾಲಿನೊಳಗೆ ಕರಗಿಹೋಗುತ್ತಾಳೆ. ಕೋಷ್ಟಕದ ಕೆಳಗೆ 'ಮೂಲ: ಕ್ಷೇತ್ರಕಾರ್ಯ' ಎಂದು ಬರೆಯುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ತುಂಬಿದ ಕೋಷ್ಟಕದ ಕೆಳಗೂ ಅದನ್ನೇ ಬರೆಯುತ್ತಾರೆ. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಓದುವವರು ಇದ್ದರೆ.

ಹಳ್ಳಿಯವರೂ ಈಗ ಪಳಗಿದ್ದಾರೆ ಅನ್ನಿ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆಗೆ ಬಂದು 60 ಪ್ರಶ್ನೆ ಕೇಳಿ ಹೋದರು. ಅದರ ಮೇಲೆ ಬ್ಯಾಂಕಿನವರು, ಎನ್‌ಜಿಒದವರು, ಚುನಾವಣೆ ಸರ್ವೆಯವರು. ಇಷ್ಟೆಲ್ಲ ಆದಮೇಲೆ ಬರುವ ಪಿಎಚ್‌ಡಿ ಹುಡುಗನನ್ನು ಅವರು ಗೌರವದಿಂದಲೇ ನೋಡುತ್ತಾರೆ, ಚಹಾ ಕೊಡುತ್ತಾರೆ. ಒಂದೇ ಪ್ರಶ್ನೆ ಅವರದು: "ಇದರಿಂದ ಏನಾರ ಬರತೈತೇನ್ರಿ?" ಬರುತ್ತೆ. ಅವನಿಗೆ.

ಲೆಕ್ಕಾಚಾರದ ಭಾಗವನ್ನು ಬೇಗ ಮುಗಿಸುತ್ತೇನೆ, ಸಂಶೋಧಕರೂ ಹಾಗೇ ಮಾಡುತ್ತಾರೆ. ವಿಶ್ವವಿದ್ಯಾಲಯದ ಗೇಟಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್, ಕೈ-ಸ್ಕ್ವೇರ್ ಅನ್ನುವ ಅಂಕಿಅಂಶದ ಪರೀಕ್ಷೆ, ಬಣ್ಣದ ಗ್ರಾಫು, ಹಾರ್ಡ್ ಬೈಂಡಿಂಗ್ ಎಲ್ಲ ಸೇರಿ ಪ್ಯಾಕೇಜ್ ಇರುತ್ತದೆ. ಅಂಗಡಿಯವನು ಪಿಯುಸಿ. ಆದರೆ ನೂರಾರು ಥೀಸಿಸ್ ಮೊದಲಿಂದ ಕೊನೆಯ ತನಕ ನೋಡಿರುವ ವ್ಯಕ್ತಿ ಆ ಊರಿನಲ್ಲಿ ಅವನೊಬ್ಬನೇ. "ಸರ್, ನಿಮ್ಮ ಪ್ರಾಕ್ಕಲ್ಪನೆ ಎರಡು ರಿಜೆಕ್ಟ್ ಆಗ್ತಾ ಇದೆ, ಆಕ್ಸೆಪ್ಟ್ ಮಾಡ್ಲಾ?" ಅಂತ ಕೇಳುತ್ತಾನೆ. ಪ್ರಾಕ್ಕಲ್ಪನೆ ಅಂದರೆ ಸಂಶೋಧನೆಗೆ ಮೊದಲೇ ಇಟ್ಟುಕೊಂಡ ಊಹೆ. ಹೂಂ ಅಂದರೆ ಆಕ್ಸೆಪ್ಟ್ ಆಗುತ್ತದೆ.

ಕೃತಿಚೌರ್ಯದ ತಪಾಸಣೆ ಬಂದಮೇಲೆ ಎಲ್ಲ ಬಿಗಿಯಾಯಿತು ಎನ್ನುವವರಿದ್ದಾರೆ. 2018ರ ನಿಯಮ ಸರಿಯಾಗಿಯೇ ಇದೆ. ಹೋಲಿಕೆ ಶೇ. 10ರ ತನಕ ಇದ್ದರೆ ಶಿಕ್ಷೆ ಇಲ್ಲ, 40ರ ತನಕ ತಿದ್ದಿ ಕೊಡಿ, 60ರ ತನಕ ಒಂದು ವರ್ಷ ಕಾಯಿರಿ, ಅದರ ಮೇಲೆ ಹೋದರೆ ನೋಂದಣಿಯೇ ರದ್ದು. ಹೀಗಾಗಿ ನಾಡಿನಲ್ಲಿ ಒಂದು ಹೊಸ ಗದ್ಯ ಹುಟ್ಟಿದೆ. 'ಆದ್ದರಿಂದ' ಇದ್ದಲ್ಲಿ 'ಈ ಕಾರಣದ ನಿಮಿತ್ತ', 'ಬಡತನ' ಇದ್ದಲ್ಲಿ 'ಆರ್ಥಿಕ ಅಲಭ್ಯತಾ ಸ್ಥಿತಿ'. ಬಡವರಿಗೂ ಅರ್ಥ ಆಗುವುದಿಲ್ಲ, ಸಾಫ್ಟ್‌ವೇರಿಗೂ ಅರ್ಥ ಆಗುವುದಿಲ್ಲ, ಶೇ. 9 ಬರುತ್ತದೆ. ಇನ್ನೂ ಜಾಣರು ಇಂಗ್ಲಿಷಿನ ಥೀಸಿಸ್ ಒಂದನ್ನು ಎತ್ತಿ ಕನ್ನಡಕ್ಕೆ ಇಳಿಸುತ್ತಾರೆ. ಯಂತ್ರ ಎರಡು ಭಾಷೆಯ ನಡುವಿನ ಕಳ್ಳತನ ಹಿಡಿಯುವುದು ಕಷ್ಟ. ಅಕಸ್ಮಾತ್ ಹಿಡಿದರೆ ಕನ್ನಡದ ಸೇವೆ ಮಾಡಿದೆ ಎಂದರಾಯಿತು.

ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ರಾತ್ರಿ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಗೆಸ್ಟ್ ಹೌಸ್ ವ್ಯವಸ್ಥೆ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಅಭ್ಯರ್ಥಿಯ ಖರ್ಚು ಅಂತ ಯಾವ ನಿಯಮದಲ್ಲೂ ಇಲ್ಲ, ಎಲ್ಲರಿಗೂ ಗೊತ್ತಿದೆ. ಹಾಜರಾತಿ ಕೊಡುತ್ತೇವೆ ಎಂದು ಎಂಎ ಮಕ್ಕಳನ್ನು ಹಾಲ್‌ನಲ್ಲಿ ತುಂಬಿರುತ್ತಾರೆ. ಪರೀಕ್ಷಕರು ಥೀಸಿಸ್ ತೆರೆದು, ಪುಟ 112ರಲ್ಲಿ ಒತ್ತಕ್ಷರ ತಪ್ಪಾಗಿದೆ ಎನ್ನುತ್ತಾರೆ. ಅಭ್ಯರ್ಥಿ ಬರೆದುಕೊಳ್ಳುತ್ತಾನೆ. ಉತ್ತರದಾತರು 300 ಯಾಕೆ ಎನ್ನುತ್ತಾರೆ. "ಸಮಯದ ಮಿತಿ ಸರ್." ನಿಮ್ಮ ಸಂಶೋಧನೆಯ ಹೊಸತನ ಏನು ಎನ್ನುತ್ತಾರೆ. "ಈ ಜಿಲ್ಲೆಯಲ್ಲಿ ಇದುವರೆಗೆ ಆಗಿರಲಿಲ್ಲ ಸರ್." ಚಪ್ಪಾಳೆ. ಊಟಕ್ಕೆ ತಡವಾಗಿದೆ.

ಎರಡು ದಿನ ಬಿಟ್ಟು ಜಿಲ್ಲಾ ಪುಟದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ, ಇಂಥವರ ಮಾರ್ಗದರ್ಶನದಲ್ಲಿ ಮಂಡಿಸಿದ ಮಹಾಪ್ರಬಂಧಕ್ಕೆ ಪಿಎಚ್‌ಡಿ ಎಂಬ ಸುದ್ದಿ. ಊರ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು. ಅದರಲ್ಲಿ ಶಾಸಕರ ಫೋಟೊ ಅಭ್ಯರ್ಥಿಯದಕ್ಕಿಂತ ದೊಡ್ಡದು. ಥೀಸಿಸ್ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರಕ್ಕೆ ಹೋಗಿ ಲಕ್ಷಗಟ್ಟಲೆ ಥೀಸಿಸ್‌ಗಳ ಜೊತೆ ಸೇರುತ್ತದೆ. ಕಡಲೆ ಬಿಡಿಸುತ್ತಿದ್ದ ಅಮ್ಮನಿಗೆ ಪ್ರತಿ ಕಳಿಸಬೇಕು ಅಂತ ಯಾವ ನಿಯಮವೂ ಹೇಳುವುದಿಲ್ಲ.

ನಮ್ಮ 2018ರ ಹುಡುಗ ಈಗ ಡಾಕ್ಟರ್. ಹೋದ ತಿಂಗಳು ಒಂದು ಖಾಸಗಿ ಕಾಲೇಜಿಗೆ ಬಯೋಡೇಟಾ ಹಿಡಿದು ಹೋಗಿದ್ದನಂತೆ. ಪ್ರಿನ್ಸಿಪಾಲರು ಎದ್ದು ನಿಂತು ಕೈಕುಲುಕಿದರಂತೆ.

"ಪಿಎಚ್‌ಡಿ ಆಗಿದೆ ಅಂದ್ರಲ್ಲ, ಬಹಳ ಸಂತೋಷ. ನಮಗೆ ಬೇಕಾಗಿದ್ದೇ ಅದು. ಸರ್ಟಿಫಿಕೇಟಿನ ಎರಡು ಜೆರಾಕ್ಸ್, ಒಂದು ಫೋಟೊ ಕೊಟ್ಟು ಹೋಗಿ. ಕಾಲೇಜಿನ ಗುಣಮಟ್ಟ ನೋಡೋಕೆ ನ್ಯಾಕ್‌ನವರು ಬರ್ತಾರಲ್ಲ, ಆ ಫೈಲಿಗೆ ಹಾಕ್ತೀವಿ."

"ಸರ್, ಕ್ಲಾಸ್ ಯಾವಾಗಿಂದ?"

"ಕ್ಲಾಸಿಗೆ ಎಂಎ ಆದ ಮೇಡಂ ಒಬ್ರಿದ್ದಾರೆ, ಕಡಿಮೆಗೆ ಬರ್ತಾರೆ. ನೀವು ನ್ಯಾಕ್ ಟೀಮ್ ಬಂದಾಗ ಕೋಟ್ ಹಾಕ್ಕೊಂಡು ಬನ್ನಿ, ಸಾಕು."